ಮಾಗಿಯ ಚಳಿಯಲ್ಲಿ ಕೋಳಿಗಳ ಪಾಲನೆ

ಕಾರ್ತಿಕ ಮಾಸವು ಕಳೆದು ಮಾರ್ಗಶಿರವು ಕಾಲಿಟ್ಟೊಡನೆ ಕಂಪ್ಲಿಯ ಸೀಮೆಯಲ್ಲಿ ಗಾಳಿಯ ದಿಕ್ಕು ತಿರುಗುವುದು. ಬಡಗಣ ಮೂಡಣ ದಿಕ್ಕುಗಳಿಂದ ಬೀಸುವ ಒಣಗಾಳಿಯು ಹಗಲಿನಲ್ಲಿ ಹಿತವಾಗಿಯೇ ಇರುತ್ತದೆ. ಆದರೆ ಹೊತ್ತು ಮುಳುಗಿದ ತರುವಾಯ ತುಂಗಭದ್ರೆಯ ದಡದಲ್ಲಿಯೂ ಕಾಲುವೆಗಳ ಕೆಳಗಣ ಗದ್ದೆ ತೋಟಗಳಲ್ಲಿಯೂ ತಂಪು ನೆಲಕ್ಕಿಳಿದು, ಬೆಳಗಿನ ಜಾವಕ್ಕೆ ಮಂಜು ಕವಿಯುವುದು. ಈ ದಿನಗಳಲ್ಲಿ ಊರೂರುಗಳಿಂದ ಕೇಳಿಬರುವ ಮಾತೊಂದುಂಟು: “ಚಳಿ ಬಡಿದು ಕೋಳಿಗಳು ಸತ್ತವು.” ಈ ತೀರ್ಪನ್ನು ಯಾರೂ ಪ್ರಶ್ನಿಸುವುದಿಲ್ಲ. ಚಳಿಯೇ ಕಾರಣವೆಂದ ಮೇಲೆ ಗೂಡಿನ ಕಂಡಿಗಳನ್ನೆಲ್ಲ ಮುಚ್ಚುವುದೇ ಪರಿಹಾರವೆಂದು ಗೋಣಿತಟ್ಟು, ತಾಡಪಾಲುಗಳನ್ನು ಬಿಗಿಯಾಗಿ ಕಟ್ಟುತ್ತಾರೆ. ಮರುವಾರ ಇನ್ನಷ್ಟು ಕೋಳಿಗಳು ಸಾಯುತ್ತವೆ. ಚಳಿ ಇನ್ನೂ ಹೆಚ್ಚಿತೆಂದು ಭಾವಿಸಿ ಉಳಿದ ಸಂದುಗಳಿಗೂ ಹುಲ್ಲು ತುರುಕುತ್ತಾರೆ.

ಹತ್ತು ಹನ್ನೆರಡು ಜವಾರಿ ಕೋಳಿಗಳನ್ನು ಸಾಕಿ, ಅವುಗಳ ಮೊಟ್ಟೆ ಮರಿಗಳನ್ನು ಸಂತೆಗೆ ಒಯ್ದು ಮನೆಯ ಉಪ್ಪು ಎಣ್ಣೆಗಳನ್ನೂ ಮಕ್ಕಳ ಪುಸ್ತಕಗಳನ್ನೂ ತರುವ ಕೂಲಿಯ ಹೆಂಗಸಿಗೆ ಇದು ಸಣ್ಣ ನಷ್ಟವಲ್ಲ. ಸಾಲ ತೆಗೆದು ಐನೂರು ಮರಿಗಳನ್ನು ಇಳಿಸಿಕೊಂಡ ರೈತನಿಗಂತೂ ಎರಡು ರಾತ್ರಿಗಳ ಅಜಾಗರೂಕತೆಯು ಇಡೀ ವರ್ಷದ ಲೆಕ್ಕವನ್ನೇ ಬುಡಮೇಲು ಮಾಡಬಲ್ಲದು. ಆದಕಾರಣ, ಕೋಳಿಗೆ ಚಳಿಯಿಂದ ಆಗುವ ಕೇಡು ಎಷ್ಟು, ಚಳಿಯ ಹೆಸರಿನಲ್ಲಿ ಬೇರೆ ಕಾರಣಗಳಿಂದ ಆಗುವ ಕೇಡು ಎಷ್ಟು ಎಂಬುದನ್ನು ಗ್ರಾಮದ ಮುಖಂಡರೂ ಜಮೀನುದಾರರೂ ವಿಂಗಡಿಸಿ ತಿಳಿಯುವುದು ಅವಶ್ಯವಾಗಿದೆ.

ಬೆಳೆದ ಕೋಳಿಯು ಚಳಿಯನ್ನು ಸಹಿಸುವ ಶಕ್ತಿಯುಳ್ಳ ಪ್ರಾಣಿ. ಅದರ ಮೈಬಿಸಿಯು ಸುಮಾರು 41 ಡಿಗ್ರಿ ಸೆಂಟಿಗ್ರೇಡು, ಅಂದರೆ ಮನುಷ್ಯನದಕ್ಕಿಂತ ನಾಲ್ಕು ಡಿಗ್ರಿಗಳಷ್ಟು ಹೆಚ್ಚು. ರಾತ್ರಿ ಅಡ್ಡಗೋಲಿನ ಮೇಲೆ ಕುಳಿತ ಕೋಳಿಯು ಗರಿಗಳನ್ನು ಉಬ್ಬಿಸಿ, ಗರಿಗಳ ನಡುವೆ ಗಾಳಿಯ ಪದರವೊಂದನ್ನು ಹಿಡಿದಿಟ್ಟು, ತಲೆಯನ್ನು ರೆಕ್ಕೆಯೊಳಗೆ ಸೇರಿಸಿ, ಕಾಲ್ಬೆರಳುಗಳ ಮೇಲೆ ಎದೆಯ ಗರಿಯನ್ನು ಇಳಿಬಿಟ್ಟುಕೊಳ್ಳುವುದು. ಇದಕ್ಕಿಂತ ಬೆಚ್ಚನೆಯ ಕಂಬಳಿಯನ್ನು ಯಾರೂ ಅದಕ್ಕೆ ಹೊದಿಸಲಾರರು. ಕೆನಡಾ ದೇಶದ ಕ್ಯೂಬೆಕ್ ಪ್ರಾಂತ್ಯದಲ್ಲಿ ನೀರು ಹೆಪ್ಪುಗಟ್ಟುವ ಅಂಕಕ್ಕಿಂತ ಇಪ್ಪತ್ತು ಡಿಗ್ರಿ ಕೆಳಗೆ ಚಳಿ ಇಳಿಯುವುದುಂಟು. ಅಲ್ಲಿಯೂ ಜನರು ಕೋಳಿ ಸಾಕುತ್ತಾರೆ. ಅಲ್ಲಿ ಮುಖ್ಯವಾಗಿ ಕೆಡುವುದು ಗರಿಯಿಲ್ಲದ ಜುಟ್ಟು ಮತ್ತು ಗಲ್ಲದ ಜೋಲುಗಳು; ಅವು ಹೆಪ್ಪುಗಟ್ಟಿ ಕಪ್ಪಾಗಿ ಉದುರುತ್ತವೆ. ಇದನ್ನು ತಪ್ಪಿಸುವ ಸಲುವಾಗಿ 20ನೆಯ ಶತಮಾನದ ಮೊದಲ ಎರಡು ದಶಕಗಳಲ್ಲಿ ಆ ಪ್ರಾಂತ್ಯದ ಓಕಾ ಎಂಬಲ್ಲಿಯ ಕ್ರೈಸ್ತ ಮಠದ ಬ್ರದರ್ ವಿಲ್ಫ್ರಿಡ್ ಎಂಬವರು ಹಲವು ಜಾತಿಗಳನ್ನು ಕೂಡಿಸಿ, ಜುಟ್ಟು ಜೋಲುಗಳು ತೀರ ಚಿಕ್ಕದಾಗಿರುವ ಶಾಂಟೆಕ್ಲೇರ್ ಎಂಬ ತಳಿಯನ್ನು ಸಿದ್ಧಪಡಿಸಿದರು.

ಇದಕ್ಕೆ ಹೋಲಿಸಿದರೆ ಕಂಪ್ಲಿಯ ಚಳಿಯು ಎಷ್ಟರದು? ಮಾಗಿಯ ರಾತ್ರಿಗಳಲ್ಲಿ ಇಲ್ಲಿಯ ಉಷ್ಣಮಾನವು ಸಾಧಾರಣವಾಗಿ 15 ಡಿಗ್ರಿಯ ಆಸುಪಾಸಿಗೆ ಇಳಿಯುವುದು. ಕೆಲವು ವರ್ಷಗಳಲ್ಲಿ ಅದಕ್ಕೂ ಸ್ವಲ್ಪ ಕೆಳಗೆ. ಕ್ಯೂಬೆಕ್ಕಿನವರಿಗೆ ಇದು ಬೇಸಗೆಯ ರಾತ್ರಿ. ಸಂಡೂರಿನ ಗುಡ್ಡಸಾಲಿನ ಮೇಲೆ, 19ನೆಯ ಶತಮಾನದಲ್ಲಿ ಬ್ರಿಟಿಷರು ತಮ್ಮ ಸೈನಿಕರಿಗಾಗಿ ಆರೋಗ್ಯಧಾಮವನ್ನು ಕಟ್ಟಿದ್ದ ರಾಮನದುರ್ಗದಂತಹ ಎತ್ತರದ ಸ್ಥಳಗಳಲ್ಲಿ ಥಂಡಿ ಹೆಚ್ಚಿರಬಹುದಾದರೂ, ಅಲ್ಲಿ ಇಳಿಜಾರಿನ ನೆಲವು ಬೇಗನೆ ಒಣಗುವುದು. ಮೈ ಒಣಗಿ, ಹೊಟ್ಟೆ ತುಂಬಿ, ನೇರವಾಗಿ ಗಾಳಿ ಬಡಿಯದೆ ಇರುವ ಬೆಳೆದ ಕೋಳಿಯು ಈ ಸೀಮೆಯಲ್ಲಿ ಬರಿಯ ಚಳಿಯಿಂದ ಸಾಯುವುದಿಲ್ಲ.

ಹಾಗಾದರೆ ಸಾಯುವುದೇಕೆ? ಕಂಪ್ಲಿಯ ಸುತ್ತಣ ನೆಲವನ್ನು ನೋಡಬೇಕು. ವಿಜಯನಗರದ ಅರಸರ ಕಾಲದ ಕಾಲುವೆಗಳೂ 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟಿನ ಕಾಲುವೆಗಳೂ ಈ ಸೀಮೆಯನ್ನು ಭತ್ತ, ಕಬ್ಬು, ಬಾಳೆಗಳ ನಾಡಾಗಿ ಮಾಡಿವೆ. ಒಕ್ಕಲುತನಕ್ಕೆ ಭಾಗ್ಯವಾದ ಈ ನೀರೇ ಕೋಳಿಯ ಗೂಡಿಗೆ ಶತ್ರು. ರಾಮಸಾಗರ, ಬುಕ್ಕಸಾಗರ, ದೇವಸಮುದ್ರಗಳಂತಹ ಊರುಗಳಲ್ಲಿ ಗದ್ದೆಯ ಮಗ್ಗುಲಿಗೆ ಕಟ್ಟಿದ ಗೂಡಿನ ನೆಲವು ಸಂಕ್ರಾಂತಿಯವರೆಗೂ ಆರುವುದಿಲ್ಲ. ಕೆಳಗಿನಿಂದ ತೇವ, ಒಳಗಿನಿಂದಲೂ ತೇವ. ನೂರು ಬೆಳೆದ ಕೋಳಿಗಳು ದಿನಕ್ಕೆ ಇಪ್ಪತ್ತು ಲೀಟರಿಗೂ ಹೆಚ್ಚು ನೀರು ಕುಡಿಯುತ್ತವೆ. ಅದರ ಬಹುಪಾಲು ಹಿಕ್ಕೆಯ ಮೂಲಕವೂ ಉಸಿರಿನ ಮೂಲಕವೂ ಹೊರಬರುವುದು. ಗೂಡು ಬಿಗಿಯಾಗಿ ಮುಚ್ಚಿದ್ದರೆ ಈ ತೇವವು ಹೋಗುವುದೆಲ್ಲಿಗೆ? ಮೇಲಣ ತಗಡಿಗೆ ತಾಗಿ ಹನಿಗೂಡಿ, ಬೆಳಗಿನ ಜಾವದಲ್ಲಿ ಕೋಳಿಗಳ ಬೆನ್ನಿನ ಮೇಲೆಯೇ ತೊಟ್ಟಿಕ್ಕುವುದು. ನೆನೆದ ಗರಿಯು ಬಿಸಿಯನ್ನು ಹಿಡಿಯಲಾರದು. ಹೀಗೆ, ಚಳಿಯನ್ನು ತಡೆಯಲೆಂದು ಮಾಡಿದ ಉಪಾಯವೇ ಚಳಿಯನ್ನು ಕೋಳಿಯ ಮೈಗೆ ತಾಗಿಸುವುದು.

ತೇವದ ಜೊತೆಗೆ ಇನ್ನೊಂದು ಕೇಡು ಉಂಟು. ನೆನೆದ ಹಿಕ್ಕೆಯು ಕೊಳೆತು ಅಮೋನಿಯಾ ಎಂಬ ಕಟುವಾದ ಅನಿಲವು ಹುಟ್ಟುವುದು. ಅದು ಕೋಳಿಯ ಕಣ್ಣನ್ನೂ ಉಸಿರುನಾಳದ ಒಳಪೊರೆಯನ್ನೂ ಸುಡುವುದು. ಆ ಪೊರೆ ಹಾಳಾದೊಡನೆ, ಅದುವರೆಗೆ ತಡೆಹಿಡಿಯಲ್ಪಟ್ಟಿದ್ದ ರೋಗಾಣುಗಳಿಗೆ ಹೆಬ್ಬಾಗಿಲು ತೆರೆದಂತಾಗುವುದು. ಸೀನು, ಗೊರಗೊರ ಶಬ್ದ, ಮೂಗಿನಲ್ಲಿ ಸಿಂಬಳ, ಊದಿದ ಮುಖ: ಇವೆಲ್ಲ ಹೀಗೆ ಮೊದಲಾಗುತ್ತವೆ. ನಿಂತ ಮನುಷ್ಯನ ಮೂಗಿಗೆ ಈ ನಾತವು ಅಷ್ಟಾಗಿ ತಿಳಿಯದು. ಬೆಳಗಿನ ಜಾವ ಬಾಗಿಲು ತೆರೆಯುವ ಮುನ್ನವೇ ಒಳಹೊಕ್ಕು, ಕೋಳಿಯ ಎತ್ತರಕ್ಕೆ ಕುಕ್ಕರುಗಾಲಿನಲ್ಲಿ ಕುಳಿತು ನಾಲ್ಕು ಉಸಿರು ಎಳೆದು ನೋಡಬೇಕು. ಕಣ್ಣು ಉರಿದರೆ ಕೋಳಿಗಳಿಗೆ ಅದಾಗಲೇ ಕೇಡು ತಗುಲಿದೆಯೆಂದು ತಿಳಿಯತಕ್ಕದ್ದು. ಜಮೀನುದಾರರು ಆಳಿನ ಮಾತನ್ನು ನಂಬಿ ಕುಳಿತುಕೊಳ್ಳುವುದಕ್ಕಿಂತ ವಾರಕ್ಕೊಮ್ಮೆ ತಾವೇ ಹೀಗೆ ಪರೀಕ್ಷಿಸುವುದು ಮೇಲು.

ಶೀತದೇಶಗಳವರೂ ಈ ಪಾಠವನ್ನು ನಷ್ಟ ತೆತ್ತೇ ಕಲಿತರು. ಅಮೆರಿಕದ ಡಾಕ್ಟರ್ ಪ್ರಿನ್ಸ್ ವುಡ್ಸ್ ಎಂಬವರು 1912ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹಿಮ ಬೀಳುವ ಪ್ರದೇಶದಲ್ಲಿಯೂ ಗೂಡಿನ ಮುಂಭಾಗವನ್ನು ತೆರೆದೇ ಇಡಬೇಕೆಂದು ವಾದಿಸಿದರು. ಮೂರು ಮಗ್ಗುಲು ಗಾಳಿ ನುಸುಳದಂತೆ ಭದ್ರವಾಗಿರಬೇಕು. ಬಿಸಿಲಿನ ಕಡೆಯ ಒಂದು ಮಗ್ಗುಲು ಬರಿಯ ಜಾಲರಿಯಾಗಿರಬೇಕು. ಕೋಳಿಗಳು ಹಿಂಬದಿಯ ಅಡ್ಡಗೋಲುಗಳ ಮೇಲೆ ಮಲಗಬೇಕು: ಇದು ಅವರ ಪದ್ಧತಿಯ ತಿರುಳು. ಹಿಮದ ನಾಡಿಗೆ ಒಗ್ಗುವ ಈ ಕ್ರಮವು ಕಂಪ್ಲಿಗೆ ಒಗ್ಗದಿರಲು ಕಾರಣವಿಲ್ಲ. ಮಿಗಿಲಾಗಿ, ಬಳ್ಳಾರಿ ಸೀಮೆಯ ಬೇಸಗೆಯ ಕಡುಬಿಸಿಲು ಮಾಗಿಯ ಚಳಿಗಿಂತ ಬಹುಪಾಲು ಹೆಚ್ಚಿನ ಕೋಳಿಗಳನ್ನು ಕೊಲ್ಲತಕ್ಕದ್ದು. ಆದ್ದರಿಂದ ಎರಡು ತಿಂಗಳ ಚಳಿಗೆ ಹೆದರಿ ನಾಲ್ಕೂ ಕಡೆ ಗೋಡೆಯೆಬ್ಬಿಸುವುದು ಎಷ್ಟು ಮಾತ್ರಕ್ಕೂ ಸಲ್ಲದು.

ಗೂಡಿನ ಉದ್ದವು ಮೂಡಣದಿಂದ ಪಡುವಣಕ್ಕೆ ಇರಲಿ. ಮಾಗಿಯಲ್ಲಿ ಸೂರ್ಯನು ತೆಂಕಣಕ್ಕೆ ವಾಲುವುದರಿಂದ ತೆಂಕಣ ಮಗ್ಗುಲನ್ನು ಹಗಲೆಲ್ಲ ತೆರೆದಿಟ್ಟು ಬಿಸಿಲು ನೆಲಕ್ಕೆ ಬೀಳುವಂತೆ ಮಾಡಬೇಕು. ಬಡಗಣ ಮತ್ತು ಮೂಡಣ ಮಗ್ಗುಲುಗಳಿಗೆ ರಾತ್ರಿ ಗೋಣಿಯ ಪರದೆ ಬೇಕು. ಆದರೆ ಪರದೆಯನ್ನು ಕೆಳಗಿನಿಂದ ಮೇಲಕ್ಕೆ ಎಳೆದು ಕಟ್ಟಿ, ಸೂರಿನ ಕೆಳಗೆ ಒಂದು ಮೊಳದಷ್ಟು ಕಂಡಿಯನ್ನು ಬಿಡತಕ್ಕದ್ದು. ಬೆಚ್ಚಗಾದ ತೇವದ ಗಾಳಿಯು ಮೇಲಕ್ಕೇರಿ ಆ ಕಂಡಿಯಿಂದ ಹೋಗುವುದು. ಕೋಳಿಯ ಮೈಮಟ್ಟದಲ್ಲಿ ಗಾಳಿ ಬಡಿಯದು. ಮೇಲಿನಿಂದ ಪರದೆಯನ್ನು ಇಳಿಬಿಟ್ಟು ಕೆಳಗೆ ಸಂದು ಉಳಿಸುವವರು ಇದಕ್ಕೆ ನೇರ ವಿರೋಧವಾದುದನ್ನು ಮಾಡುತ್ತಾರೆ. ಜಗುಲಿಯ ಕೆಳಗಿನ ಕಲ್ಲುಗೂಡಿನಲ್ಲಿ ಕೋಳಿ ಕೂಡುವ ಮನೆಯವರು, ಬಾಗಿಲಿನ ಹಲಗೆಯ ಮೇಲ್ಭಾಗದಲ್ಲಿ ನಾಲ್ಕೈದು ತೂತುಗಳನ್ನು ಕೊರೆಯಿಸಿದರೆ ಸಾಕು. ಬೆಕ್ಕು ಮುಂಗುಸಿಗಳ ಭಯವಿದ್ದರೆ ಅದಕ್ಕೆ ತಂತಿಯ ಬಲೆಯನ್ನು ಬಡಿಯಬಹುದು. ತಗಡಿನ ಮಾಡಿನ ಮೇಲೆ ಕಬ್ಬಿನ ರವದಿಯನ್ನು ದಪ್ಪವಾಗಿ ಹೊದಿಸಿದರೆ ಮಾಗಿಯಲ್ಲಿ ಹನಿ ತೊಟ್ಟಿಕ್ಕುವುದು ಕಡಿಮೆಯಾಗುವುದು. ಅದೇ ಹೊದಿಕೆಯು ಬೇಸಗೆಯಲ್ಲಿ ತಂಪನ್ನೂ ಕೊಡುವುದು.

ನೆಲಕ್ಕೆ ಹಾಸಲು ಭತ್ತದ ಹೊಟ್ಟಿಗಿಂತ ಉತ್ತಮವಾದ ವಸ್ತು ಬೇರೆ ಇಲ್ಲ. ಅಕ್ಕಿಯ ಗಿರಣಿಗಳಿರುವ ಕಂಪ್ಲಿಯಲ್ಲಿ ಅದಕ್ಕೆ ಕೊರತೆಯೂ ಇಲ್ಲ. ಮಾಗಿಯಲ್ಲಿ ನಾಲ್ಕರಿಂದ ಆರು ಅಂಗುಲ ದಪ್ಪಕ್ಕೆ ಹಾಸಿ, ವಾರಕ್ಕೆ ಎರಡಾವರ್ತಿ ಕೆದಕಿ ತಿರುವಬೇಕು. ಹೊಟ್ಟನ್ನು ಮುಷ್ಟಿಯಲ್ಲಿ ಹಿಡಿದು ಹಿಸುಕಿ ಬಿಟ್ಟಾಗ ಉಂಡೆಯಾಗಿ ನಿಂತರೆ ತೇವ ಹೆಚ್ಚಾಗಿದೆ ಎಂದರ್ಥ; ಮೆಲ್ಲನೆ ಬಿರಿದು ಉದುರಿದರೆ ಸರಿಯಾಗಿದೆ. ನೀರಿನ ಪಾತ್ರೆಯ ಸುತ್ತಣ ಒದ್ದೆಯನ್ನು ಪ್ರತಿದಿನವೂ ತೆಗೆದು ಒಣಹೊಟ್ಟು ತುಂಬುವ ಕೆಲಸವೊಂದನ್ನೇ ತಪ್ಪದೆ ಮಾಡಿದರೂ ಅರ್ಧ ಕಾಯಿಲೆ ಕಳೆಯುವುದು. ಶೇಂಗಾದ ಸಿಪ್ಪೆಯನ್ನೂ ಹಾಸಬಹುದು. ಆದರೆ ನೆನೆದು ಬೂಸು ಹಿಡಿದ ಸಿಪ್ಪೆಯನ್ನಾಗಲಿ ಕಬ್ಬಿನ ಹಸಿ ಸಿಪ್ಪೆಯನ್ನಾಗಲಿ ಸುತರಾಂ ಹಾಸಕೂಡದು. ಆ ಬೂಸಿನ ಕಣಗಳು ಮರಿಗಳ ಶ್ವಾಸಕೋಶದಲ್ಲಿ ನೆಲೆಯೂರಿ, ಔಷಧಕ್ಕೆ ಬಗ್ಗದ ರೋಗವನ್ನುಂಟುಮಾಡುತ್ತವೆ. ಆ ಮರಿಗಳು ಬಾಯಿ ತೆರೆದು ಸದ್ದಿಲ್ಲದೆ ಏದುಸಿರು ಬಿಡುತ್ತ ಸಾಯುತ್ತವೆ. ಅದನ್ನೂ ಚಳಿಯ ಲೆಕ್ಕಕ್ಕೇ ಬರೆಯುವುದು ವಾಡಿಕೆ. ಹಾಸಿನ ಹಳೆಯ ಹೊಟ್ಟು ಗದ್ದೆಗೆ ಒಳ್ಳೆಯ ಗೊಬ್ಬರವಾಗುವುದರಿಂದ ಜಮೀನುದಾರರಿಗೆ ಈ ಖರ್ಚು ವ್ಯರ್ಥವಲ್ಲ.

ಇಷ್ಟು ಹೇಳಿದ್ದು ಬೆಳೆದ ಕೋಳಿಗಳ ವಿಷಯ. ಮರಿಗಳ ಸಂಗತಿಯೇ ಬೇರೆ. ಚಳಿಯು ನಿಜವಾಗಿ ಕೊಲ್ಲುವುದು ಮರಿಗಳನ್ನು. ಮೊಟ್ಟೆಯೊಡೆದು ಬಂದ ಮರಿಗೆ ಇರುವುದು ತುಪ್ಪುಳ ಮಾತ್ರ, ಗರಿಯಲ್ಲ. ಮೊದಲ ಎರಡು ಮೂರು ವಾರಗಳವರೆಗೆ ತನ್ನ ಮೈಬಿಸಿಯನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿ ಅದಕ್ಕೆ ಪೂರ್ಣವಾಗಿ ಬಂದಿರುವುದಿಲ್ಲ. ಮೊದಲ ವಾರ ಮರಿಗಳಿರುವೆಡೆಯಲ್ಲಿ 35 ಡಿಗ್ರಿ ಸೆಂಟಿಗ್ರೇಡು ಶಾಖವಿರಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಬರಬೇಕು. ಅಂದರೆ ಮಾಗಿಯ ರಾತ್ರಿಯಲ್ಲಿ ಹೊರಗಣ ಗಾಳಿಗೂ ಮರಿಯ ಅವಶ್ಯಕತೆಗೂ ಇಪ್ಪತ್ತು ಡಿಗ್ರಿಗಳ ಅಂತರ! ಈ ಅಂತರವನ್ನು ಹೇಂಟೆಯ ರೆಕ್ಕೆಯಾದರೂ ತುಂಬಬೇಕು, ಇಲ್ಲವೆ ಸಾಕುವವನ ಎಚ್ಚರವಾದರೂ ತುಂಬಬೇಕು.

ಹೇಂಟೆಯನ್ನು ಕಾವಿಗೆ ಕೂಡಿಸುವವರು ಮಾಗಿಯಲ್ಲಿ ಒಂದು ಸಣ್ಣ ಲೆಕ್ಕವನ್ನು ಗಮನಿಸಬೇಕು. ಬೆಚ್ಚನೆಯ ಕಾಲದಲ್ಲಿ ಹನ್ನೆರಡು ಹದಿಮೂರು ಮೊಟ್ಟೆಗಳನ್ನು ಇಡುವ ಜವಾರಿ ಹೇಂಟೆಗೆ ಮಾಗಿಯಲ್ಲಿ ಎಂಟು ಒಂಬತ್ತು ಸಾಕು. ಹೆಚ್ಚಿಟ್ಟರೆ ಅಂಚಿನ ಮೊಟ್ಟೆಗಳು ತಣಿಯುತ್ತವೆ. ಹೇಂಟೆಯು ಮೊಟ್ಟೆಗಳನ್ನು ತಿರುವಿ ಸ್ಥಳ ಬದಲಿಸುತ್ತಿರುವುದರಿಂದ ದಿನಕ್ಕೊಂದು ಮೊಟ್ಟೆಯ ಸರದಿ ಬಂದು, 21 ದಿನಗಳು ಮುಗಿಯುವಷ್ಟರಲ್ಲಿ ಅರ್ಧಕ್ಕರ್ಧ ಕೆಟ್ಟಿರುವುವು. ಸಾಧ್ಯವಾದಲ್ಲಿ ದೀಪಾವಳಿಗೆ ಮುಂಚೆಯೇ ಮರಿಯೇಳುವಂತೆ ಕಾವಿಗೆ ಕೂಡಿಸುವುದೇ ಜಾಣತನ. ಆ ಮರಿಗಳಿಗೆ ಪುಷ್ಯದ ಚಳಿ ಬರುವಷ್ಟರಲ್ಲಿ ಮೈತುಂಬ ಗರಿ ಬಂದಿರುವುದು.

ಗಿರಿರಾಜ, ಸ್ವರ್ಣಧಾರ ಮುಂತಾದ ತಳಿಗಳ ಒಂದು ದಿನದ ಮರಿಗಳನ್ನು ತರಿಸುವವರು, ಮರಿಗಳು ಬಂದ ಮೇಲೆ ದೀಪ ಹೊತ್ತಿಸುವುದಲ್ಲ. ಹಿಂದಿನ ದಿನವೇ ಹೊತ್ತಿಸಿ ನೆಲವನ್ನೂ ಹೊಟ್ಟನ್ನೂ ಬೆಚ್ಚಗಾಗಿಸಿರಬೇಕು. ಮರಿಯ ಪಾದಕ್ಕೆ ತಣ್ಣನೆಯ ನೆಲ ತಗುಲಿದರೆ ಮೇಲಣ ಶಾಖದಿಂದ ಪ್ರಯೋಜನ ಅಷ್ಟಕ್ಕಷ್ಟೆ. ನೂರು ಮರಿಗಳಿಗೆ ಐದಾರು ಅಡಿ ಅಡ್ಡಳತೆಯ, ಒಂದೂವರೆ ಅಡಿ ಎತ್ತರದ ತಗಡಿನ ಅಥವಾ ದಪ್ಪ ರಟ್ಟಿನ ದುಂಡನೆಯ ಕಾಪನ್ನು ನಿಲ್ಲಿಸಿ, ಮಧ್ಯದಲ್ಲಿ ಬುಟ್ಟಿಯನ್ನು ಬೋರಲು ಹಾಕಿದಂತೆ ಮುಚ್ಚಳವನ್ನು ತೂಗಬಿಟ್ಟು, ಅದರೊಳಗೆ ಶಾಖ ಕೊಡುವ ಹಳೆಯ ಮಾದರಿಯ ವಿದ್ಯುದ್ದೀಪಗಳನ್ನು ಮರಿಯೊಂದಕ್ಕೆ ಎರಡು ವಾಟಿನ ಲೆಕ್ಕದಲ್ಲಿ ಉರಿಸಬೇಕು. ಈಗ ಮನೆಗಳಲ್ಲಿ ಬಳಸುವ ಎಲ್‌ಇಡಿ ದೀಪಗಳು ಬೆಳಕು ಕೊಡುತ್ತವೆಯೇ ಹೊರತು ಶಾಖ ಕೊಡುವುದಿಲ್ಲ. ಇದನ್ನರಿಯದೆ ಮರಿಗಳನ್ನು ಕಳೆದುಕೊಳ್ಳುವವರುಂಟು. ಕಾಪಿಗೆ ಮೂಲೆಗಳಿರಕೂಡದು, ಚಳಿಯಾದ ಮರಿಗಳು ಮೂಲೆಯಲ್ಲಿ ಒಂದರ ಮೇಲೊಂದು ಏರಿ, ಕೆಳಗಿನವು ಉಸಿರುಗಟ್ಟಿ ಸಾಯುತ್ತವೆ. ಮೊದಲ ದಿನದ ನೀರಿಗೆ ಸ್ವಲ್ಪ ಬೆಲ್ಲ ಕದಡಿ, ಉಗುರುಬೆಚ್ಚಗೆ ಮಾಡಿ ಕೊಡಬೇಕು.

ಉಷ್ಣಮಾಪಕವಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಮರಿಗಳೇ ಉಷ್ಣಮಾಪಕ. ದೀಪದ ಕೆಳಗೆ ಮುದ್ದೆಯಾಗಿ ಕೂಡಿ ಕಿರಿಚುತ್ತಿದ್ದರೆ ಶಾಖ ಸಾಲದು. ದೂರ ಸರಿದು ರೆಕ್ಕೆ ಬಿಚ್ಚಿ ಬಾಯಿ ತೆರೆದಿದ್ದರೆ ಹೆಚ್ಚಾಗಿದೆ. ಎಲ್ಲವೂ ಒಂದೇ ಮಗ್ಗುಲಿಗೆ ಸೇರಿದ್ದರೆ ಎದುರುಗಡೆಯಿಂದ ಗಾಳಿ ನುಗ್ಗುತ್ತಿದೆ, ಸಂದನ್ನು ಹುಡುಕಬೇಕು. ಹರಡಿಕೊಂಡು ಕೆಲವು ತಿನ್ನುತ್ತ ಕೆಲವು ಮಲಗಿದ್ದರೆ ಮಾತ್ರ ಮನೆಯವರು ನಿಶ್ಚಿಂತರಾಗಿ ಮಲಗಬಹುದು. ಅದೂ ವಿದ್ಯುತ್ತು ನಿಲ್ಲುವವರೆಗೆ! ನಡುರಾತ್ರಿಯಲ್ಲಿ ವಿದ್ಯುತ್ತು ಹೋಗಿ ಎರಡು ಗಂಟೆ ಬಾರದಿದ್ದರೆ ಮರಿಗಳ ಗತಿಯೇನೆಂಬುದನ್ನು ಮರಿ ತರಿಸುವ ಮೊದಲೇ ಯೋಚಿಸಿರಬೇಕು. ಬಿಸಿನೀರು ತುಂಬಿದ ಬಾಟಲಿಗಳನ್ನು ಗೋಣಿಯಲ್ಲಿ ಸುತ್ತಿ ಮರಿಗಳ ನಡುವೆ ಇಡುವುದು, ಕಾಯಿಸಿದ ಇಟ್ಟಿಗೆಗಳನ್ನು ಅದೇ ಪ್ರಕಾರ ಸುತ್ತಿ ಇಡುವುದು, ಮರಿಗಳನ್ನು ಒಣಹುಲ್ಲು ಹಾಸಿದ ಬಿದಿರು ಬುಟ್ಟಿಗಳಲ್ಲಿ ಇಪ್ಪತ್ತಿಪ್ಪತ್ತರಂತೆ ಹಂಚಿ ತೆಳುಬಟ್ಟೆ ಮುಚ್ಚುವುದು: ಇವು ಬಡವನಿಗೂ ಕೈಗೂಡುವ ಉಪಾಯಗಳು.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಕೆಲವರು ಮರಿಗಳ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆಯನ್ನಿಟ್ಟು, ಬಿಸಿ ಹೊರಗೆ ಹೋಗದಂತೆ ಬಾಗಿಲು ಕಿಟಕಿಗಳನ್ನು ಮುಚ್ಚಿ, ಕಾವಲಿಗೆ ಆಳನ್ನೂ ಒಳಗೆ ಮಲಗಿಸುತ್ತಾರೆ. ಇದು ಪ್ರಾಣಾಪಾಯದ ಕೆಲಸ. ಮುಚ್ಚಿದ ಕೋಣೆಯಲ್ಲಿ ಉರಿಯುವ ಇದ್ದಿಲಿನಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವು ಹುಟ್ಟುವುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ಮಲಗಿದವನಿಗೆ ಎಚ್ಚರವೇ ಆಗುವುದಿಲ್ಲ. ಮರಿಗಳೂ ಸಾಯುವುವು, ಮನುಷ್ಯನೂ ಸಾಯುವನು. ಅಗ್ಗಿಷ್ಟಿಕೆ ಅನಿವಾರ್ಯವಾದರೆ ಕೆಂಡವನ್ನು ಹೊರಗೆ ಪೂರ್ಣವಾಗಿ ಹೊತ್ತಿಸಿ ಹೊಗೆ ಕಳೆದ ಮೇಲೆ ಒಳತರಬೇಕು. ಮೇಲೆಯೂ ಕೆಳಗೆಯೂ ಕಂಡಿಗಳು ತೆರೆದಿರಬೇಕು. ಒಳಗೆ ಯಾರೂ ಮಲಗಕೂಡದು. ಜಮೀನುದಾರರು ತಮ್ಮ ಆಳುಗಳಿಗೆ ಇದನ್ನು ಆಜ್ಞಾಪಿಸಿ, ಪಾಲಿಸಿದರೋ ಇಲ್ಲವೋ ಎಂದು ರಾತ್ರಿ ಒಮ್ಮೆ ಹೋಗಿ ನೋಡುವುದು ಅವರ ಕರ್ತವ್ಯ.

ಮಾಗಿಯಲ್ಲಿ ಮೊಟ್ಟೆಗಳು ಕಡಿಮೆಯಾಗುವುದನ್ನೂ ಚಳಿಗೇ ಆರೋಪಿಸುತ್ತಾರೆ. ಅದರ ಮುಖ್ಯ ಕಾರಣ ಹಗಲಿನ ಗಿಡ್ಡತನ. ಡಿಸೆಂಬರಿನಲ್ಲಿ ಈ ಸೀಮೆಯ ಹಗಲು ಹನ್ನೊಂದು ಗಂಟೆಗಿಂತ ತುಸು ಹೆಚ್ಚು. ಮೊಟ್ಟೆಯ ಜಾತಿಯ ಕೋಳಿಗೆ ಹದಿನಾಲ್ಕರಿಂದ ಹದಿನಾರು ಗಂಟೆಗಳ ಬೆಳಕು ಬೇಕು. ಅಂತಹ ಕೋಳಿಗಳನ್ನು ನೂರಿನ್ನೂರರ ಸಂಖ್ಯೆಯಲ್ಲಿ ಸಾಕಿದವರು ಬೆಳಗಿನ ಜಾವ ದೀಪ ಹಾಕಿದರೆ ಫಲ ದೊರೆಯುವುದು. ಸಂಜೆ ಹಾಕಿ ತಟ್ಟನೆ ಆರಿಸಿದರೆ ಕೋಳಿಗಳು ಅಡ್ಡಗೋಲು ಕಾಣದೆ ನೆಲದಲ್ಲಿಯೇ ಉಳಿಯುತ್ತವೆ. ನಾಲ್ಕಾರು ಜವಾರಿ ಹೇಂಟೆಗಳಿಗಾಗಿ ದೀಪದ ಖರ್ಚು ಮಾಡುವುದು ದಂಡ. ಅವುಗಳಿಗೆ ಸಂಜೆ ಗೂಡು ಸೇರುವ ಮುನ್ನ ಒಂದು ಹಿಡಿ ಜೋಳವನ್ನೋ ಸಜ್ಜೆಯನ್ನೋ ಹೆಚ್ಚಾಗಿ ಎರಚಿದರೆ, ರಾತ್ರಿಯೆಲ್ಲ ಅರೆಯುವ ಆ ಕಾಳು ಒಳಗಿನಿಂದ ಶಾಖ ಕೊಡುವುದು. ಬೆಳಗ್ಗೆ ತಂಗಳ ನೀರನ್ನು ಚೆಲ್ಲಿ ಹೊಸ ನೀರಿಡಬೇಕು.

ಉಳಿದಿರುವುದು ಮುಖ್ಯವಾಗಿ ಊರ ಮುಖಂಡರಿಗೆ ಸಂಬಂಧಿಸಿದ ವಿಷಯ. ಈ ಕಾಲದಲ್ಲಿ ಹಠಾತ್ತಾಗಿ ಕೋಳಿಗಳು ಸತ್ತರೆ “ಚಳಿ” ಎಂಬ ತೀರ್ಪಿನ ಹಿಂದೆ ಅಂಟುರೋಗವು ಅಡಗಿರುವುದುಂಟು. ಅದರಲ್ಲಿ ಮೊದಲನೆಯದು ಕೊಕ್ಕರೆ ರೋಗ. ಕುಮಾವೂ ಪ್ರಾಂತ್ಯದ ರಾಣಿಖೇತದ ಹೆಸರಿನಿಂದಲೂ ಇದನ್ನು ಕರೆಯುತ್ತಾರೆ. ಹಸುರುಬೆರೆತ ಬಿಳಿ ಭೇದಿ, ಏದುಸಿರು, ಬದುಕುಳಿದವುಗಳಲ್ಲಿ ತಿರುಚಿದ ಕತ್ತು, ಬಿದ್ದುಹೋದ ರೆಕ್ಕೆ: ಇವು ಅದರ ಗುರುತುಗಳು. ಹತ್ತಿದ ಮೇಲೆ ಔಷಧವಿಲ್ಲ. ಮೊದಲೇ ಲಸಿಕೆ ಹಾಕಿಸುವುದೊಂದೇ ದಾರಿ. ಮರಿಗೆ ಐದರಿಂದ ಏಳನೆಯ ದಿನದೊಳಗೆ ಕಣ್ಣಿಗೆ ಒಂದು ಹನಿ, ಎಂಟನೆಯ ವಾರದ ಸುಮಾರಿಗೆ ಚುಚ್ಚುಮದ್ದು. ಲಸಿಕೆಯನ್ನು ಮಂಜುಗಡ್ಡೆಯಲ್ಲಿಟ್ಟೇ ತರಬೇಕು. ಬಿಸಿಲು ತಾಗಿದ ಲಸಿಕೆಯು ಬರಿಯ ನೀರು. ಒಂದು ಮನೆಯವರು ಹಾಕಿಸಿ ಹತ್ತು ಮನೆಯವರು ಬಿಟ್ಟರೆ ರೋಗವು ಕೇರಿಯಲ್ಲಿಯೇ ತಿರುಗುತ್ತಿರುವುದು. ಮಾಗಿಗೆ ಮುಂಚೆ ಒಂದು ದಿನವನ್ನು ಗೊತ್ತುಮಾಡಿ, ಕೋಳಿಗಳನ್ನು ಬಿಡುವ ಮುನ್ನ ಮುಂಜಾನೆಯೇ ಊರ ಕೋಳಿಗಳಿಗೆಲ್ಲ ಲಸಿಕೆ ಹಾಕಿಸುವುದು ಮುಖಂಡರು ಮನಸ್ಸು ಮಾಡಿದರೆ ಮಾತ್ರ ಆಗತಕ್ಕ ಕಾರ್ಯ. ಜಾತ್ರೆ ಹಬ್ಬಗಳಿಗಾಗಿ ಸಂತೆಯಿಂದ ತಂದ ಕೋಳಿಗಳನ್ನು ಮೂರು ವಾರ ಬೇರೆಯಾಗಿ ಕೂಡತಕ್ಕದ್ದು.

ಎರಡನೆಯದು ಹಕ್ಕಿಜ್ವರ. 2025ರ ಆರಂಭದಲ್ಲಿ ಇದೇ ಸಂಡೂರು ತಾಲೂಕಿನ ಕುರೆಕುಪ್ಪದಲ್ಲಿ ಇದು ಕಾಣಿಸಿಕೊಂಡಿತ್ತು. ಮಾಗಿಯಲ್ಲಿ ಕೆರೆ ಜಲಾಶಯಗಳಿಗೆ ದೂರದೇಶಗಳ ನೀರುಹಕ್ಕಿಗಳು ಬಂದಿಳಿಯುತ್ತವೆ. ಅಂತಹ ನೀರಿನ ಅಂಚಿನಲ್ಲಿ ಕೋಳಿ ಬಾತುಗಳನ್ನು ಮೇಯಲು ಬಿಡದಿರುವುದು ಕ್ಷೇಮ. ಒಂದೆರಡು ದಿನಗಳಲ್ಲಿ ಗುಂಪುಗುಂಪಾಗಿ ಕೋಳಿಗಳು ಸತ್ತರೆ, ಜುಟ್ಟು ನೀಲಿಗಟ್ಟಿದ್ದರೆ, ಅವುಗಳನ್ನು ಬರಿಗೈಯಿಂದ ಮುಟ್ಟಬಾರದು, ಕೊಯ್ದು ತಿನ್ನಬಾರದು, ಅಗ್ಗಕ್ಕೆ ಮಾರಿ ಕೈತೊಳೆದುಕೊಳ್ಳಬಾರದು, ಪರೀಕ್ಷೆಗೆಂದು ಚೀಲದಲ್ಲಿ ಹೊತ್ತು ಊರೂರು ತಿರುಗಬಾರದು. ಅದೇ ದಿನ ಪಶುವೈದ್ಯರಿಗೆ ತಿಳಿಸಿ ಅವರನ್ನೇ ಸ್ಥಳಕ್ಕೆ ಕರೆಸಬೇಕು. ಒಂದೆರಡು ಕೋಳಿಗಳು ಸತ್ತ ಸಾಧಾರಣ ಸಂದರ್ಭದಲ್ಲಿಯೂ ಹೆಣಗಳನ್ನು ಕಾಲುವೆಗೆ ಎಸೆಯುವ ಅಭ್ಯಾಸವನ್ನು ಊರಿನವರು ನಿಲ್ಲಿಸಬೇಕು. ರಾಮಸಾಗರದಲ್ಲಿ ಎಸೆದದ್ದು ಸಂಜೆಯೊಳಗೆ ಕೆಳಗಣ ಊರಿನ ದನಗಳು ನೀರು ಕುಡಿಯುವ ತೂಬಿನ ಬಾಯಲ್ಲಿ ತೇಲುತ್ತಿರುವುದು. ನೀರಿನಿಂದ ದೂರವಾದ ಎತ್ತರದ ನೆಲದಲ್ಲಿ ಮೂರು ಅಡಿ ಆಳದ ಗುಣಿ ತೋಡಿ, ಮೇಲೆ ಕೆಳಗೆ ಸುಣ್ಣ ಚೆಲ್ಲಿ ಹೂಳಿ, ನಾಯಿಗಳು ಕೆದಕದಂತೆ ಜಾಲಿಮುಳ್ಳು ಹಾಕಿಸತಕ್ಕದ್ದು.